ಸಂಜೆಯ ಗಂಟೆಯವರೆಗೆ ನಿಲ್ಲಬೇಕಿದ್ದ ರಾಜೀನಾಮೆ

ಇಸವಿ ಎರಡು ಸಾವಿರದ ನೂರ ತೊಂಬತ್ತಾರು,
ಉಳಿಕೆ ಮಾಸದ ನಲವತ್ತಮೂರನೇ ತಾರೀಖು, ಶುಕ್ರವಾರ

ಮುಖಕವಚಾಲಂಕೃತರೂ, ಸ್ಯಾನಿಟೈಸರಿನಲ್ಲಿ ಮಿಂದ ಕರಕಮಲಗಳುಳ್ಳವರೂ, ಆರಡಿ ಅಂತರದ ಪರಿಪಾಲಕರೂ, ಜ್ವರ ನೋಡುವ ಪಿಸ್ತೂಲನ್ನು ಹಣೆಗೇ ಗುರಿಯಿಟ್ಟರೂ ಅಂಜದ ಧೀರರೂ, ಹಲಗೆಯಿಂದ ಕೊನೆಯ ಬೆಂಚಿನವರೆಗಿನ ಸಕಲ ಭೂಮಂಡಲದ ಒಡೆಯರೂ ಆದ, ಇಸವಿ ಎರಡು ಸಾವಿರದ ಇಪ್ಪತ್ತೊಂದರ ನಮ್ಮ ಶಾಲೆಯ ಸಮಸ್ತ ಗುರುವೃಂದದ ದಿವ್ಯ ಸನ್ನಿಧಾನಕ್ಕೆ, ಅದೇ ಶಾಲೆಯ ಅದೇ ಸ್ಟಾಫ್ ರೂಮಿನಿಂದ ಕಿರಿಯ ಶಿಕ್ಷಕಿ ಶಂಕ್ರವ್ವ ಕಡೇಮನಿ, ವಯಸ್ಸು ಇಪ್ಪತ್ತಮೂರು, ವಿಷಯ ಗಾಳಿ ಮತ್ತು ಚಿತ್ರಕಲೆ, ಮಾಡುವ ಸಾಷ್ಟಾಂಗ ವಿಜ್ಞಾಪನೆಗಳು.

ಇತ್ತ ಎಲ್ಲರೂ ಕ್ಷೇಮ ಎಂದು ಮುಂದುವರಿಸುವುದು ಪದ್ಧತಿ. ಆ ಸಾಲನ್ನು ಎರಡು ಸಲ ಬರೆದು ಎರಡು ಸಲ ಹೊಡೆದು ಹಾಕಿದ್ದೇನೆ, ಆದ್ದರಿಂದ ಕ್ಷೇಮದ ವಿಷಯವನ್ನು ಮುಂದೆ ಸಾವಕಾಶವಾಗಿ ಹೇಳುತ್ತೇನೆ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳು ಬಂದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ನಿಮ್ಮ ಠರಾವು ಪುಸ್ತಕ ಓದಿಯೇ ಕಲಿತಿದ್ದು. ಹಾಗಾಗಿ ಅಲ್ಲಲ್ಲಿ ಸುತ್ತೋಲೆಯ ವಾಸನೆ ಹೊಡೆಯಬಹುದು.

ತಾರೀಖು ನೋಡಿ ಗಾಬರಿಯಾಗಬೇಡಿ. ಉಳಿಕೆ ಮಾಸ ಎಂಬುದು ನಮ್ಮ ವರ್ಷದ ಹದಿಮೂರನೆಯ ತಿಂಗಳು. ಸೋಂಕಿನಿಂದಾಗಿ ಶಾಲೆ ಮುಚ್ಚಿದ ದಿನಗಳ ಪಾಠವನ್ನೆಲ್ಲ ಅದರಲ್ಲಿ ಮುಗಿಸಬೇಕು, ಪಾಠ ಮುಗಿಯುವ ತನಕ ತಿಂಗಳೂ ಮುಗಿಯುವಂತಿಲ್ಲ. ಹೋದ ವರ್ಷ ಎಪ್ಪತ್ತೊಂದು ದಿನ ನಡೆದು, ಕೊನೆಗೆ ಏಳನೆಯ ತರಗತಿಯ ಸಮಾಜ ಪಾಠವನ್ನು ಅರ್ಧಕ್ಕೆ ಬಿಟ್ಟು ಯುಗಾದಿ ಮಾಡಿದೆವು. ಈ ಪತ್ರ ನಿಮ್ಮನ್ನು ತಲುಪುವುದು ಹಿಂದಂಚೆಯಲ್ಲಿ, ಎಂದರೆ ಕಳೆದುಹೋದ ಕಾಲಕ್ಕೆ ಒಯ್ಯುವ ಅಂಚೆಯಲ್ಲಿ. ಒಬ್ಬ ಶಿಕ್ಷಕರಿಗೆ ಇಡೀ ನೌಕರಿಯಲ್ಲಿ ಒಂದೇ ಹಿಂದಂಚೆ. ಹೆಚ್ಚಿನವರು ಅದನ್ನು ನಿವೃತ್ತಿಯ ದಿನದವರೆಗೆ ಕಾಪಿಟ್ಟು, ತಮಗೆ ಅಕ್ಷರ ಕಲಿಸಿದವರ ಕ್ಷಮೆ ಕೇಳಲು ಬಳಸುತ್ತಾರೆ. ನಾನು ಎರಡನೆಯ ವರ್ಷಕ್ಕೇ ಮುಗಿಸುತ್ತಿದ್ದೇನೆ. ದುಂದುಗಾರ್ತಿ ಎಂದು ನೀವು ಬೈದುಕೊಂಡರೂ ನನಗೆ ಕೇಳಿಸುವುದಿಲ್ಲ, ಅಷ್ಟು ಅನುಕೂಲವಿದೆ.

ನಿಮ್ಮ ಕಾಯಿಲೆಗಿದ್ದ ಹೆಸರು ನಮ್ಮಲ್ಲಿ ಪರೀಕ್ಷೆಗೆ ಬರುವ ಪ್ರಶ್ನೆ. ನಮ್ಮದರ ಹೆಸರು ಬೂದುಕೆಮ್ಮು. ಬಂದವರ ಉಗುರು ಬೂದಿಯ ಬಣ್ಣಕ್ಕೆ ತಿರುಗುವುದರಿಂದ ಈ ಹೆಸರು, ಈಗ ನಡೆದಿರುವುದು ಅದರ ಐದನೆಯ ಸುತ್ತು. ದಿನಾ ಬೆಳಿಗ್ಗೆ ಗೇಟಿನಲ್ಲಿ ನಾವು ಎಂಟು ಜನ ಶಿಕ್ಷಕರು ಒಬ್ಬರಿಗೊಬ್ಬರು ಹತ್ತು ಬೆರಳು ತೋರಿಸಿ ಒಳಗೆ ಹೋಗುತ್ತೇವೆ. ಗಂಟೆ ಹೊಡೆಯುವ ಹುಸೇನಸಾಬರು ಇದಕ್ಕೆ ಉಗುರು ದರ್ಶನ ಎಂದು ಹೆಸರಿಟ್ಟಿದ್ದಾರೆ. ಪ್ರಾರ್ಥನೆಯನ್ನು ಬಾಯಿ ತೆರೆಯದೆ ಗುನುಗುತ್ತೇವೆ; ದೂರದಿಂದ ಕೇಳಿದರೆ ಅಂಗಳದಲ್ಲಿ ಜೇನು ಎದ್ದ ಹಾಗಿರುತ್ತದೆ. ಮಗ್ಗಿಯನ್ನು ಚಪ್ಪಾಳೆಯಲ್ಲಿ ಒಪ್ಪಿಸುತ್ತಾರೆ, ಹನ್ನೆರಡರ ಮಗ್ಗಿ ಬಂತೆಂದರೆ ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲಿಸಬೇಕು. ಮಧ್ಯಾಹ್ನದ ಊಟಕ್ಕೆ ಮಕ್ಕಳು ಗೋಡೆಗೆ ಮುಖ ಮಾಡಿ ಕೂರುತ್ತಾರೆ. ಶಾಲೆ ಮುಚ್ಚಿದರೆ ಆ ಊಟವೂ ಇಲ್ಲ, ಆದ್ದರಿಂದ ಶಾಲೆ ಮುಚ್ಚಿ ಎಂದು ಹೇಳಲು ನಮ್ಮಲ್ಲಿ ಯಾರಿಗೂ ನಾಲಿಗೆ ಏಳುವುದಿಲ್ಲ. ರಜೆ ಹಾಕೋಣವೆಂದರೆ, ಬಾರದವರ ಮಕ್ಕಳನ್ನು ಬಂದವರ ಕೋಣೆಗೆ ತುಂಬುತ್ತಾರೆ. ನನ್ನ ಭಯಕ್ಕೆ ನಾನು ಮನೆಯಲ್ಲಿ ಕೂತರೆ ಪಕ್ಕದ ಕೋಣೆಯವರು ಎಂಬತ್ತು ಮಕ್ಕಳ ಉಸಿರಿನಲ್ಲಿ ನಿಲ್ಲಬೇಕು. ಹೀಗಾಗಿ ಯಾರೂ ರಜೆ ಹಾಕುವುದಿಲ್ಲ, ಮತ್ತು ಎಲ್ಲರಿಗೂ ಸುಸ್ತು.

ಪ್ರತಿ ಕೋಣೆಯ ಬಾಗಿಲ ಮೇಲೆ ಗಾಳಿಗಣ್ಣು ಎಂಬ ದುಂಡನೆಯ ಯಂತ್ರವಿದೆ. ಒಳಗಿನ ಗಾಳಿ ಶುದ್ಧವಾಗಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ನಮ್ಮ ಏಳನೆಯ ತರಗತಿಯದು ಹೋದ ದೀಪಾವಳಿಯಿಂದ ಹಸಿರಿಗೇ ಅಂಟಿಕೊಂಡಿದೆ. ಆ ಕೋಣೆಯಲ್ಲಿ ಮಕ್ಕಳು ನಲವತ್ತೊಂದು, ತೆರೆಯುವ ಕಿಟಕಿ ಒಂದು. ಗಾಳಿಯ ಶಿಕ್ಷಕಿಯೆಂಬ ಅಧಿಕಾರದಿಂದ ನಾನು ಒಂದು ಶನಿವಾರ ಕೆಂಡದ ಮೇಲೆ ಲೋಬಾನ ಹಾಕಿ, ಕೋಣೆಯೆಲ್ಲ ಹೊಗೆ ಮಾಡಿ, ಆ ಕಣ್ಣಿನ ಕೆಳಗೇ ಕೆಮ್ಮುತ್ತ ನಿಂತೆ. ಅದು ಪಚ್ಚೆ ಹರಳಿನ ಹಾಗೆ ಹೊಳೆಯುತ್ತಿತ್ತು. ಸವಿವರವಾದ ದೂರು ಕಳುಹಿಸಿದೆವು. ಮೇಲಿನ ಕಚೇರಿಯಿಂದ ಉತ್ತರ ಬಂತು: ಹಸಿರು ತೋರಿಸುತ್ತಿರುವ ಉಪಕರಣದ ಬಗ್ಗೆ ದೂರು ಸ್ವೀಕಾರಾರ್ಹವಲ್ಲ. ಮರುದಿನ ಯಾರೋ ಆ ಕಣ್ಣಿಗೆ ಬಣ್ಣದಲ್ಲಿ ಉದ್ದನೆಯ ರೆಪ್ಪೆ ಬರೆದಿದ್ದರು. ಅದು ಚಿತ್ರಕಲೆಯ ಶಿಕ್ಷಕಿಯ ಕೆಲಸವೆಂಬ ವದಂತಿಯನ್ನು ನಾನು ಈವರೆಗೆ ನಿರಾಕರಿಸಿಲ್ಲ.

ಆ ಕೋಣೆಯಲ್ಲಿ ಅತಿ ಹೆಚ್ಚು ಹೊತ್ತು ಪಾಠ ಮಾಡುವವರು ಗಣಿತದ ನೀಲಾಂಬಿಕೆ ಹಾವನೂರ ಅಕ್ಕೋರು. ಮೂರನೆಯ ಸುತ್ತಿನಲ್ಲಿ ಬೂದುಕೆಮ್ಮು ಬಂದು ಅವರ ಒಂದು ಶ್ವಾಸಕೋಶ ಕೆಲಸ ಬಿಟ್ಟಿದೆ. ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಮಕ್ಕಳಿಗೆ ಗೊತ್ತಾಗಬಾರದೆಂದು ಗೋಡೆಯ ಮೇಲಿನ ನಕ್ಷೆ ನೋಡುವಂತೆ ನಟಿಸುತ್ತಾರೆ. ಎರಡು ವರ್ಷದಲ್ಲಿ ಅವರು ನೋಡಿದಷ್ಟು ಭೂಪಟವನ್ನು ಭೂಗೋಳದವರೂ ನೋಡಿಲ್ಲ. ಇನ್ನೊಮ್ಮೆ ಆ ಕೆಮ್ಮು ಹತ್ತಿದರೆ ಏನಾಗುತ್ತದೆಂದು ವೈದ್ಯರು ಅವರಿಗೆ ಹೇಳಿದ್ದಾರೆ, ಅವರು ನಮಗೆ ಹೇಳಿದ್ದಾರೆ, ನಾವು ಯಾರಿಗೂ ಮತ್ತೆ ಹೇಳಿಲ್ಲ.

ಹೋದ ಶುಕ್ರವಾರ ಸ್ಟಾಫ್ ರೂಮಿನಲ್ಲಿ ಸಭೆ ಸೇರಿತು. ಹೆಡ್‌ಮಾಸ್ತರ ಫಕೀರಪ್ಪ ದೊಡ್ಡಮನಿ ಸರ್, ಮೂವತ್ತನಾಲ್ಕು ವರ್ಷ ಸರ್ವಿಸ್ ಆದವರು, ಇನ್ನೊಂದು ದೂರು ಕೊಡೋಣ ಎಂದರು. ನೀಲಾಂಬಿಕೆ ಅಕ್ಕೋರು ಬಾಟಲಿಯ ನೀರು ಕುಡಿದು, ಉಸಿರು ತೆಗೆದುಕೊಂಡು, "ಸರ್, ನನ್ನ ಹತ್ರ ಉಳದದ್ದು ಒಂದ ಪುಪ್ಪುಸ. ಅದನ್ನೂ ಇಲಾಖೆಗೆ ಬರದ ಕೊಡ್ಲೇನ್ರಿ?" ಎಂದರು. ಆಗ ಎಲ್ಲರೂ ಒಟ್ಟಿಗೆ ರಾಜೀನಾಮೆ ಕೊಡುವ ಮಾತು ಎದ್ದಿತು. ಹುಸೇನಸಾಬರು ಬಾಗಿಲಲ್ಲಿ ನಿಂತಿದ್ದವರು, "ನೀವು ಎಂಟೂ ಮಂದಿ ಹೋದ್ರ ನಾ ಯಾರಿಗೆ ಗಂಟಿ ಹೊಡೀಲಿ, ಗ್ವಾಡಿಗೇನು?" ಎಂದು ಕೇಳಿ, ತಮ್ಮ ಪ್ರಶ್ನೆಗೆ ತಾವೇ ತಲೆ ಅಲ್ಲಾಡಿಸಿದರು. ಹಿಂದೆ ಇಂಥ ಸಂದರ್ಭದಲ್ಲಿ ಏನು ಮಾಡಿದ್ದರೋ ನೋಡೋಣವೆಂದು ಕಪಾಟಿನ ತಳದಿಂದ ನಿಮ್ಮ ಠರಾವು ಪುಸ್ತಕ ತೆಗೆದೆವು. ನೂರೆಪ್ಪತ್ತೈದು ವರ್ಷದ ಹಿಂದೆ ನೀವೂ ಇದೇ ಕೋಣೆಯಲ್ಲಿ ಇದೇ ಮಾತಿಗೆ ಸೇರಿದ್ದಿರಿ. ವಿಷಯ ನಾಲ್ಕು: ಸೋಂಕಿನ ಹಿನ್ನೆಲೆಯಲ್ಲಿ ಶಿಕ್ಷಕರು ಸಾಮೂಹಿಕವಾಗಿ ರಾಜೀನಾಮೆ ನೀಡುವ ಬಗ್ಗೆ. ಅದರ ಕೆಳಗೆ ನಿಮ್ಮ ಸುಂದರ ಅಕ್ಷರದಲ್ಲಿ, "ದೀರ್ಘವಾಗಿ ಚರ್ಚಿಸಲಾಯಿತು." ಮುಂದೆ, ವಿಷಯ ಐದು: ನೀರಿನ ಟಾಕಿಯ ಮುಚ್ಚಳ. "ತಕ್ಷಣವೇ ತರಿಸಲು ಸರ್ವಾನುಮತದಿಂದ ಠರಾಯಿಸಲಾಯಿತು." ಮಹನೀಯರೇ, ಆ ಟಾಕಿ ಈಗಿಲ್ಲ. ಮುಚ್ಚಳವೊಂದಿದೆ, ಬಹಳ ಗಟ್ಟಿ ಮುಚ್ಚಳ.

ನಿಮ್ಮಿಂದ ದಾರಿ ತಿಳಿಯದ ಕಾರಣ ನಾವೇ ತೀರ್ಮಾನಿಸಿದೆವು. ನಮ್ಮ ಕಾಲದಲ್ಲಿ ಶಿಕ್ಷಕರು ಕಾಗದದಲ್ಲಿ ರಾಜೀನಾಮೆ ಕೊಡುವಂತಿಲ್ಲ. ತಮ್ಮದೇ ಶಾಲೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಎಲ್ಲರ ಹೆಸರು ಹಾಕಿ, ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯವರೆಗೆ ಹಾಗೇ ಬಿಡಬೇಕು. ಇದಕ್ಕೆ ಹಲಗೆಪತ್ರ ಎನ್ನುತ್ತಾರೆ. ಬೆಳಿಗ್ಗೆ ಸಿಟ್ಟಿನಲ್ಲಿ ಬರೆದದ್ದು ಸಂಜೆಗೂ ನಿಜವಾಗಿದ್ದರೆ ಮಾತ್ರ ಅದು ರಾಜೀನಾಮೆ ಎಂದು ಯಾರೋ ಹಿರಿಯರು ಮಾಡಿದ ಕಟ್ಟಳೆ. ಸಂಜೆ ಗಂಟೆಯ ಹನ್ನೊಂದನೆಯ ಪೆಟ್ಟಿಗೆ ಗಾಳಿಗಣ್ಣು ಹಲಗೆಯನ್ನು ನೋಡಿ ಮೇಲಕ್ಕೆ ಕಳುಹಿಸುತ್ತದೆ. ಗಾಳಿ ಕಾಣದಿದ್ದರೂ ಅದಕ್ಕೆ ಹಲಗೆ ಸ್ಪಷ್ಟವಾಗಿ ಕಾಣುತ್ತದೆ. ನಡುವೆ ಯಾರು ಬೇಕಾದರೂ ಅಳಿಸಬಹುದು, ಅಳಿಸಿದವರು ಯಾರೆಂದು ಕೇಳುವಂತಿಲ್ಲ. ಅಕ್ಷರವೊಂದು ಅಳಿದರೂ ಪತ್ರ ರದ್ದು, ಮತ್ತು ಆ ತಿಂಗಳು ಮುಗಿಯುವವರೆಗೆ ಮತ್ತೊಮ್ಮೆ ಬರೆಯುವಂತಿಲ್ಲ. ನಾವು ಯಾವ ತಿಂಗಳಿನಲ್ಲಿದ್ದೇವೆ ಎಂಬುದನ್ನು ದಯವಿಟ್ಟು ನೆನಪಿಸಿಕೊಳ್ಳಿ.

ಸೋಮವಾರ ಬೆಳಿಗ್ಗೆ ಏಳನೆಯ ತರಗತಿಯ ಹಲಗೆಯ ಮೇಲೆ ಫಕೀರಪ್ಪ ಸರ್ ತಮ್ಮ ಕೈಯಾರೆ ಬರೆದರು. ನಮ್ಮ ಗಾಳಿಗಣ್ಣು ಕುರುಡಾಗಿದೆ. ನಾವು ಕಲಿಸಲು ಬಂದವರು, ಒಬ್ಬರ ಕೆಮ್ಮನ್ನು ಇನ್ನೊಬ್ಬರಿಗೆ ಹಂಚಲು ಬಂದವರಲ್ಲ. ಕಣ್ಣು ಸರಿಹೋದ ದಿನ ಕರೆಯಿರಿ, ಬರುತ್ತೇವೆ. ಕೆಳಗೆ ಒಂದೇ ಸಾಲಿನಲ್ಲಿ ಎಂಟು ಹೆಸರು. ಹಲಗೆಯ ಬಲಗಡೆ ಒಂದು ಮೊಳ ಜಾಗ ಉಳಿದಿತ್ತು, ದಿನವಿಡೀ ಪಾಠ ಅದರಲ್ಲೇ ನಡೆಯಿತು. ನೀಲಾಂಬಿಕೆ ಅಕ್ಕೋರು ಅಲ್ಲಿಯೇ ಭಿನ್ನರಾಶಿ ಕಲಿಸಿದರು. ಮಕ್ಕಳು ಅಳಿಸಿಬಿಟ್ಟಾರೆಂದು ನಮಗೆ ಭಯವಿತ್ತು, ಕೆಲವರಿಗೆ ಆಸೆಯೂ ಇತ್ತು. ಆದರೆ ಹಲಗೆಯ ಮೇಲಿದ್ದುದನ್ನು ಬರೆದುಕೊಳ್ಳಬೇಕೆಂದು ಒಂದನೆಯ ತರಗತಿಯಿಂದ ನಾವೇ ಅವರಿಗೆ ಕಲಿಸಿದ್ದೇವೆ. ನಲವತ್ತೊಂದು ಮಕ್ಕಳೂ ಪಟ್ಟಿ ಹಿಡಿದು ಗೆರೆ ಹೊಡೆದು, ನಮ್ಮ ರಾಜೀನಾಮೆಯನ್ನು ಗಣಿತದ ನೋಟ್‌ಬುಕ್ಕಿನಲ್ಲಿ ನಕಲು ಮಾಡಿಕೊಂಡರು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಅಕ್ಕೋರ, ಇದು ಪರೀಕ್ಷಾಕ್ಕ ಬರ್ತೈತೇನ್ರಿ?" ಎಂದು ಕೇಳಿದಳು. ಅಕ್ಕೋರು ಸೀಮೆಸುಣ್ಣ ಕೆಳಗಿಟ್ಟು, "ಬರ್ತೈತವಾ. ಎಲ್ಲಾರಿಗೂ ಒಂದಿಲ್ಲೊಂದ ದಿನ ಬರ್ತೈತಿ. ಬರ್ಕೊ" ಎಂದರು.

ಕೊನೆಯ ಪೀರಿಯಡ್ ಫಕೀರಪ್ಪ ಸರ್ ಅವರದು, ಇತಿಹಾಸ. ಉಳಿದ ಏಳು ಜನ ಸಾಕ್ಷಿಗಾಗಿ ಹಲಗೆಯ ಪಕ್ಕದ ಗೋಡೆಗೆ ಒರಗಿ ನಿಂತೆವು. ಇಲ್ಲಿ ಸರ್ ಅವರ ಒಂದು ವಿಷಯ ಹೇಳಬೇಕು. ಪಾಠ ಮುಗಿಸಿ ಹೊರಡುವಾಗ ಹಲಗೆ ಒರೆಸದೆ ಅವರು ಎಂದೂ ಕೋಣೆ ಬಿಟ್ಟವರಲ್ಲ. ಮುಂದಿನವರಿಗೆ ಶುಭ್ರ ಹಲಗೆ ಬಿಡುವುದು ಶಿಕ್ಷಕನ ಮೊದಲ ಸಭ್ಯತೆ ಎಂದು ಹೊಸಬರಿಗೆಲ್ಲ ಹೇಳುತ್ತಾರೆ, ನನಗೂ ಹೇಳಿದ್ದರು. ಹೊರಗೆ ಹುಸೇನಸಾಬರು ಮೊದಲ ಪೆಟ್ಟು ಹೊಡೆದರು. ಸರ್ ಯಾವುದೋ ರಾಜನ ದಂಡಯಾತ್ರೆಯ ನಡುವೆ ಮಾತು ನಿಲ್ಲಿಸಿ ಹಲಗೆಗೆ ತಿರುಗಿದರು. ಕೈಯಲ್ಲಿ ಡಸ್ಟರ್ ಇತ್ತು. ಎಡದಿಂದ ಬಲಕ್ಕೆ ಒಂದೇ ಎಳೆತ, ಮೂವತ್ತನಾಲ್ಕು ವರ್ಷದ ಎಳೆತ. ನಾವು ಬಾಯಿ ತೆರೆದದ್ದು ಮುಖಕವಚದ ಒಳಗೇ ಉಳಿಯಿತು. ಆರು ಹೆಸರು ಹೋಗಿದ್ದವು. ಎಡದಿಂದ ನೀಲಾಂಬಿಕೆ ಅಕ್ಕೋರ ಹೆಸರೇ ಮೊದಲನೆಯದಾಗಿತ್ತು.

ಉಳಿದ ಪೆಟ್ಟುಗಳು ಒಂದೊಂದಾಗಿ ಬಿದ್ದವು. ಸರ್ ಡಸ್ಟರನ್ನು ನೋಡಿದರು, ತಮ್ಮ ಕೈ ನೋಡಿದರು, ಮಕ್ಕಳ ಬೆಂಚಿನ ಮೇಲೆ ಕೂತುಬಿಟ್ಟರು. ಅಕ್ಕೋರು ಅವರ ಹತ್ತಿರ ಹೋಗಿ, "ಬಿಡ್ರಿ ಸರ್, ಆ ಕೈಗೆ ಯಾರ್ ಏನ್ ಹೇಳಾಕಾಗ್ತೈತಿ. ನಾಳೆ ಭಿನ್ನರಾಶಿ ಮುಂದುವರಸ್ತೀನಿ, ನಡ್ರಿ" ಎಂದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಮಗೆ ಹಗುರಾಗುತ್ತಿತ್ತು. ಅಂದು ಸಂಜೆ ನಲವತ್ತೊಂದು ಮನೆಗಳಲ್ಲಿ ಆ ನಕಲು ಓದಿದ್ದಾರೆ. ಮರುದಿನ ಆರು ಜನ ತಂದೆತಾಯಂದಿರು ಬಂದು ಗಾಳಿಗಣ್ಣನ್ನು ನೋಡಿದರು. ಒಬ್ಬರು ರೆಪ್ಪೆ ಚೆನ್ನಾಗಿದೆ ಎಂದರು. ತೆರೆಯದ ಕಿಟಕಿಯೊಂದನ್ನು ಒದ್ದು ತೆರೆಯಲು ನೋಡಿ, ಆಗದೆ, ಕೆಲಸಕ್ಕೆ ಹೊತ್ತಾಯಿತೆಂದು ಹೋದರು. ಅವರದೂ ತಪ್ಪಲ್ಲ.

ಮಂಗಳವಾರ ಅಕ್ಕೋರು ಪಾಠ ಮಾಡಿದರು. ಬುಧವಾರ ಗೇಟಿನಲ್ಲಿ ಹತ್ತು ಬೆರಳು ಚಾಚಿದಾಗ, ಎಡಗೈಯ ಎರಡು ಉಗುರು ನೋಡಿ ಹುಸೇನಸಾಬರು ತಲೆ ತಗ್ಗಿಸಿದರು. ಅಕ್ಕೋರು ಈಗ ಗಾಳಿಮನೆಯಲ್ಲಿದ್ದಾರೆ, ಅಂದರೆ ಯಂತ್ರದಿಂದ ಉಸಿರು ಕೊಡುವ ಆಸ್ಪತ್ರೆ. ಗಾಜಿನ ಆಚೆಯಿಂದ ನೋಡಲು ಬಿಡುತ್ತಾರೆ. ನಿನ್ನೆ ಹೋಗಿದ್ದೆ. ಅವರು ಬೆರಳಿನಿಂದ ಗಾಜಿನ ಮೇಲೆ ಏನೋ ಭಿನ್ನರಾಶಿ ಬರೆದು ತೋರಿಸಿದರು, ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಸಬೇಕೆಂದು. ಫಕೀರಪ್ಪ ಸರ್ ಶಾಲೆಗೆ ಬರುತ್ತಾರೆ, ಆದರೆ ಬಲಗೈಯನ್ನು ಜೇಬಿನಿಂದ ತೆಗೆಯುವುದಿಲ್ಲ. ಎಡಗೈಯಲ್ಲಿ ಬರೆಯುತ್ತಾರೆ, ಒರೆಸುವುದೇ ಇಲ್ಲ. ಅಕ್ಕೋರ ತರಗತಿಗಳನ್ನು ನಾನು ತೆಗೆದುಕೊಳ್ಳುತ್ತಿದ್ದೇನೆ. ನನಗೆ ಗಣಿತ ಬರುವುದಿಲ್ಲವೆಂದು ಮಕ್ಕಳಿಗೆ ಗೊತ್ತು, ಯಾರೂ ನಗುತ್ತಿಲ್ಲ.

ಆದಕಾರಣ, ಪೂಜ್ಯರೇ, ನನ್ನ ಏಕೈಕ ಹಿಂದಂಚೆಯ ಪ್ರಾರ್ಥನೆ ಇಷ್ಟು. ನಿಮ್ಮ ಠರಾವು ಪುಸ್ತಕದ ವಿಷಯ ನಾಲ್ಕರ ಕೆಳಗೆ ಇನ್ನೊಂದು ಸಾಲು ಬರೆಯಿರಿ. ಹೋದಿರೋ ಉಳಿದಿರೋ, ಹೋದವರು ಯಾರು, ಉಳಿದವರಲ್ಲಿ ಯಾರು ಉಳಿಯಲಿಲ್ಲ, ಬರೆಯಿರಿ. ನೀವು ಬರೆದ ಗಳಿಗೆಯಲ್ಲಿ ಅದು ನಮ್ಮ ಪುಸ್ತಕದಲ್ಲಿ ಕಾಣಿಸಬೇಕೆಂದು ಹಿಂದಂಚೆಯವರು ಹೇಳುತ್ತಾರೆ. ಸೇರಿರುವ ಯಾರಿಗಾದರೂ ಉಸಿರು ಕಡಿಮೆಯಿದ್ದರೆ ಅವರ ಮಾತನ್ನು ಮೊದಲು ಕೇಳಿ, ಮುಚ್ಚಳದ ವಿಷಯ ಆಮೇಲೆ ತೆಗೆದುಕೊಳ್ಳಿ. ಅಭ್ಯಾಸವೆಂಬುದು ಎಂಥ ಒಳ್ಳೆಯವರ ಕೈಯನ್ನೂ ಹೇಗೆ ಆಡಿಸುತ್ತದೆ ಎಂಬುದಕ್ಕೆ ನಮ್ಮ ಹೆಡ್‌ಮಾಸ್ತರರೇ ಸಾಕ್ಷಿಯೆಂದು ಈ ಪತ್ರದ ನೀತಿಯನ್ನಾಗಿ ಬರೆಯಬೇಕೆಂದು ಕೂತಿದ್ದೆ. ಅಪ್ಪಣೆಯಾದರೆ ಇಲ್ಲಿಗೆ ಮುಗಿಸಿ ಸಹಿ ಮಾಡುತ್ತೇನೆ.

ಇಂತಿ ನಿಮ್ಮ ಮುಂದಿನವಳು,
ಶಂಕ್ರವ್ವ ಕಡೇಮನಿ

ಸಹಿಯ ಕೆಳಗೆ ಒಂದು ಮಾತು. ಅಂದು ಡಸ್ಟರ್ ಸರ್ ಅವರ ಕೈಯಲ್ಲಿ ತಾನಾಗಿ ಇರಲಿಲ್ಲ. ಯಾರಿಗೂ ಸಿಗಬಾರದೆಂದು ಬೆಳಿಗ್ಗೆಯೇ ಅದನ್ನು ನನ್ನ ವಶಕ್ಕೆ ಕೊಟ್ಟಿದ್ದರು. ಮೊದಲ ಪೆಟ್ಟಿಗೆ ಸರ್ ತಿರುಗಿ ಕೈ ಚಾಚಿದಾಗ ಆ ಖಾಲಿ ಕೈಗೆ ಇಟ್ಟವಳು ನಾನು. ಅವರಿಗೆ ಅದು ನೆನಪಿಲ್ಲ, ನಮ್ಮಲ್ಲಿ ಕೇಳುವಂತೆಯೂ ಇಲ್ಲ. ನಗು ಬರಲಿ ಎಂದು ಇಟ್ಟೆ. ಬಂತು ಕೂಡ, ನನಗೊಬ್ಬಳಿಗೆ, ಎರಡನೆಯ ಪೆಟ್ಟಿನವರೆಗೆ.