ಅಂಜೂರದ ಮರದ ವಿಚಾರಣೆ

ಬೆಜಾಯಾ, ಗುಡ್ಡದ ಕೇರಿ
ಆಗಸ್ಟ್ ೧೪

ನಮ್ಮ ಮನೆಯ ಸರ್ಕಾರವಾದ ದೆಹಬಿಯಾಳಿಗೆ,

ಹೇಗಿದ್ದೀಯ? ಬಾಣಂತಿ ಮಗಳು, ಮೊಮ್ಮಗು ಕ್ಷೇಮವೆ? ನಿನ್ನ ಮಂಡಿನೋವು ಓರಾನಿನ ಸಮುದ್ರಗಾಳಿಗೆ ಹೆದರಿ ಓಡಿತೆ, ಇಲ್ಲಾ ಅಲ್ಲೂ ಬಾಡಿಗೆಗೆ ಮನೆ ಹಿಡಿದಿದೆಯೆ? ಕಾಡಿನ ಬೆಂಕಿಗೆ ಇಲ್ಲಿಯ ಮೊಬೈಲ್ ಗೋಪುರ ಸುಟ್ಟಿದೆ. ಅದಕ್ಕೇ ಬಸ್ ಚಾಲಕನ ಕೈಯಲ್ಲಿ ಈ ಕಾಗದ. ಟೀವಿ ನೋಡಿ ಅಳಬೇಡ. ಮನೆ ನಿಂತಿದೆ. ನಾನೂ ನಿಂತಿದ್ದೇನೆ, ಹುಬ್ಬಿನ ಕೂದಲು ಮಾತ್ರ ರಜೆಯಲ್ಲಿದೆ.

ಹೋದ ಗುರುವಾರ ಮಧ್ಯಾಹ್ನ ಪೈನ್ ಕಾಡಿನಿಂದ ಬೆಂಕಿ ಕೇರಿಯತ್ತ ಇಳಿಯಿತು. ಹಿರಿಯರ ಕೂಟ ಮಸೀದಿಯ ಮೈಕಿನಲ್ಲಿ ಕೂಗಿಸಿತು: ಮನೆಗೊಬ್ಬರು ಹಸಿ ಆಲಿವ್ ಕೊಂಬೆ ಹಿಡಿದು ಬನ್ನಿ, ಬಾರದವರಿಗೆ ದಂಡ. ಪ್ರಳಯವಾದರೂ ಈ ಊರಿನವರು ಮೊದಲು ಹಾಜರಿ ತೆಗೆದುಕೊಳ್ಳುತ್ತಾರೆ. ಪಕ್ಕದ ಮನೆಯ ಎಂಬತ್ತು ವರ್ಷದ ಘನೀಮಾ ಕೊಂಬೆ ಬೀಸುತ್ತಲೇ, "ಏನೋ ಮೊಕ್ರಾನ್, ಬೆಂಕಿ ಬಡೀತಿದ್ದೀಯೋ, ನೊಣ ಓಡಿಸ್ತಿದ್ದೀಯೋ? ದೆಹಬಿಯಾ ಇದ್ದಿದ್ರೆ ಬರೀ ಬಾಯಲ್ಲೇ ಆರಿಸ್ತಿದ್ಲು" ಅಂದಳು. ನಾನು ಗೌರವಪೂರ್ವಕವಾಗಿ ಒಪ್ಪಿಕೊಂಡೆ.

ಮನೆ ಉಳಿಸಿದ್ದು ನಿನ್ನ ಪಾಪಾಸುಕಳ್ಳಿಯ ಬೇಲಿ. ಇಪ್ಪತ್ತು ವರ್ಷದಿಂದ ನಾನು ಅದನ್ನು ಬೈಯುತ್ತಲೇ ಇದ್ದೆ, ನೀನು "ನಿಮ್ಮ ಕಾರು ಬೀದೀಲೇ ಮಲಗ್ಲಿ, ನನ್ನ ಬೇಲಿ ಮುಟ್ಟಿದ್ರೆ ನೋಡಿ" ಎನ್ನುತ್ತಲೇ ಇದ್ದೆ. ಜ್ವಾಲೆ ಬಂದು ತಾಗಿತು. ಆ ದಪ್ಪ ಎಲೆಗಳು ಸುಟ್ಟ ಬದನೆಕಾಯಿಯಂತೆ ನೀರೊಸರಿ ಜೋತುಬಿದ್ದವೇ ಹೊರತು ಹತ್ತಿಕೊಳ್ಳಲಿಲ್ಲ. ಈಗ ಕೇರಿಯವರೆಲ್ಲ ಎಲೆ ಕೇಳಿಕೊಂಡು ಬರುತ್ತಿದ್ದಾರೆ. ಗುಡ್ಡದ ಸುತ್ತ ಕಳ್ಳಿಯ ಕೋಟೆ ಕಟ್ಟುತ್ತೇವೆ. ಮುಂದಿನ ಬೇಸಿಗೆಗಳಲ್ಲಿ ಬೆಂಕಿ ಅನುಮತಿ ಕೇಳಿಯೇ ಬರಬೇಕು.

ನಿನ್ನಮ್ಮ ನೆಟ್ಟ ಅಂಜೂರದ ಮರ ಮಾತ್ರ ಸುಟ್ಟಿತು. ಬೇಲಿಯ ಒಳಗಿದ್ದ ಮರಕ್ಕೆ ಬೆಂಕಿ ಹೇಗೆ ತಲುಪಿತೆಂದು ತಿಳಿಯಲು ಏಕಸದಸ್ಯ ಆಯೋಗ ನೇಮಿಸಲಾಗಿದೆ. ಸದಸ್ಯ ನಾನೇ. ವಿಚಾರಣೆ ನಡೆಯುತ್ತಿದೆ.

ಮಗಳಿಗೆ ಆಶೀರ್ವಾದ, ಮೊಮ್ಮಗುವಿನ ಎರಡೂ ಕೆನ್ನೆಗೆ ಒಂದೊಂದು ಮುತ್ತು, ನಿನ್ನ ಮಂಡಿಗೆ ನನ್ನ ಸಲಾಮು.

ನಿನ್ನ
ಮೊಕ್ರಾನ್

ಮರೆತ ಮಾತು: ಬಸ್ಸು ಹಾರನ್ ಹೊಡೆಯುತ್ತಿದೆ, ಆಯೋಗ ವರದಿ ಕೊಟ್ಟಿತು. ನೀನು ಹೋದ ಮರುದಿನವೇ ಕಾರು ಒಳಗೆ ಬರಲೆಂದು ನಾನೇ ಬೇಲಿಯನ್ನು ಎರಡು ಮಾರು ಕಡಿಸಿದ್ದೆ. ಬೆಂಕಿ ಅಲ್ಲಿಂದಲೇ ನುಗ್ಗಿತು. ಕಾರೂ ಹೋಯಿತು. ಬಾಗಿಲ ಮುಂದೆ ಬೆಂಕಿಯನ್ನು ತಡೆದದ್ದು ಘನೀಮಾಳ ಕೊಂಬೆ. ಕಡಿದ ಜಾಗದಲ್ಲಿ ಹದಿಮೂರು ಎಲೆ ನೆಟ್ಟಿದ್ದೇನೆ. ಕೈತುಂಬ ಮುಳ್ಳು, ಅದಕ್ಕೇ ಅಕ್ಷರ ಹೀಗಿದೆ. ಅಂಜೂರದ ಬುಡ ಕೆರೆದು ನೋಡಿದೆ, ಒಳಗೆ ಹಸಿರಿದೆ. ದಿನಾ ಎರಡು ಕೊಡ ನೀರು ಹಾಕುತ್ತಿದ್ದೇನೆ. ಬೈಗಳನ್ನೆಲ್ಲ ಕೂಡಿಟ್ಟುಕೊಂಡು ಬಾ. ಆ ಮರದ ಹತ್ತಿರ ನಿಂತೇ ಬೈಯಿ, ಅದಕ್ಕೂ ನಿನ್ನ ದನಿ ಕೇಳಲಿ.