ಚಾಲಕರೊಂದಿಗೆ ಮಾತನಾಡಬೇಡಿ

ಐದನೇ ಮಹಡಿ, ಕಿಟಕಿ ಪಕ್ಕ
ಭಾನುವಾರ ಮಧ್ಯಾಹ್ನ

ಅಕ್ಕಾ,

ಮೊದಲು ಕೈಯಲ್ಲಿರುವ ಕೆಲಸ ಬಿಟ್ಟು, ಒಂದು ಲೋಟ ನೀರು ಕುಡಿದು, ಗೋಡೆಗೆ ಒರಗಿ ಕೂತುಕೊ. ಕಾಗದ ಉದ್ದ ಇದೆ. ನಾನು ಚೆನ್ನಾಗಿದ್ದೇನೆ. ನಿನ್ನ ಮಗಳೂ ಚೆನ್ನಾಗಿದ್ದಾಳೆ. ನೀನು ಕೇಳಲಿಲ್ಲ, ಗೊತ್ತು. ಕೇಳಬೇಕು ಅಂತ ಆಸೆ ಇದೆ, ಅದೂ ಗೊತ್ತು. ಫೋನಿನಲ್ಲಿ ಹೇಳೋಣವೆಂದರೆ ಅವಳ ಮಾತೆತ್ತಿದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗಿಬಿಡುತ್ತದೆ. ಕಾಗದಕ್ಕೆ ಸಿಗ್ನಲ್ ಬೇಡ ನೋಡು.

ನೀನು ನನ್ನನ್ನು ಕಳಿಸಿದ್ದು ಯಾವ ಕೆಲಸಕ್ಕೆ ಎಂಬುದನ್ನು ಮರೆತಿಲ್ಲ. 'ಹೋಗಿ ಅವಳ ಕೈಯಿಂದ ಆ ಸ್ಟೇರಿಂಗ್ ಬಿಡಿಸಿ ಕರ್ಕೊಂಡು ಬಾ. ಬರಲ್ಲ ಅಂದ್ರೆ ನಿಮ್ಮಮ್ಮಂಗೆ ಮಗಳೇ ಇಲ್ವಂತೆ ಅಂತ ಹೇಳಿ ಬಂದ್ಬಿಡು' ಅಂದೆ. ಬಟ್ಟೆ ಅಂಗಡಿಯ ಲೆಕ್ಕದ ಕುರ್ಚಿಯಲ್ಲಿ ಫ್ಯಾನಿನ ಕೆಳಗೆ ತಣ್ಣಗೆ ಕೂತಿದ್ದ ಹುಡುಗಿ, ಯಾರನ್ನೂ ಕೇಳದೆ ಎದ್ದು ಹೋಗಿ ಸಿಟಿ ಬಸ್ಸಿನ ಡ್ರೈವರ್ ಆದರೆ ಯಾವ ತಾಯಿಗೆ ಸಿಟ್ಟು ಬರುವುದಿಲ್ಲ? 'ಗಾಜಿನ ಪೆಟ್ಟಿಗೇಲಿ ಕೂತು ಊರೆಲ್ಲ ನೋಡೋ ಹಾಗೆ ಹಾರ್ನ್ ಹೊಡೀತಾಳೆ' ಅಂತ ನೀನು ಗೋಳಾಡಿದ್ದು ನನ್ನ ಕಿವಿಯಲ್ಲೇ ಇದೆ. ಹಾರ್ನಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ವಾರದಲ್ಲಿ ಬರುತ್ತೇನೆ ಅಂದವನು ಇನ್ನೂ ಬಂದಿಲ್ಲ. ಮಂಡಿ ನೋವು ಅಂತ ಹೇಳಿ ಕಳಿಸಿದ್ದೆ. ಮಂಡಿ ಇದೆ, ನೋವಿಲ್ಲ. ನಿಜ ಹೇಳಬೇಕೆಂದರೆ ಈ ಪಟ್ಟಣಕ್ಕೆ ನಾನು ಬೇಕಾಗಿದ್ದೇನೆ. ಇಲ್ಲಿಯವರಿಗೆ ಏನೂ ಬರುವುದಿಲ್ಲ ಅಕ್ಕ.

ಲಿಫ್ಟ್ ಅಂತ ಒಂದು ಕಬ್ಬಿಣದ ಬೀರು ಇದೆ. ಜನ ಅದರೊಳಗೆ ಹೋಗಿ ಬಾಗಿಲ ಕಡೆ ಮುಖ ಮಾಡಿ, ಒಬ್ಬರ ಬೆನ್ನ ಹಿಂದೆ ಒಬ್ಬರು ನಿಂತು, ಮೇಲೆ ಓಡುವ ಅಂಕಿಗಳನ್ನು ನೋಡುತ್ತಾರೆ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಮುಖ! ಹತ್ತು ಜನಕ್ಕೆ ಬೆನ್ನು ತೋರಿಸಿ ನಿಲ್ಲುವುದು ನಮ್ಮ ಮನೆತನದ ಮರ್ಯಾದೆಯೇ? ನಾನು ಬಾಗಿಲಿಗೆ ಬೆನ್ನು ಹಾಕಿ ಎಲ್ಲರ ಎದುರಿಗೆ ನಿಂತು, 'ಯಾರ ಮನೆಯವರು? ಊಟ ಆಯ್ತಾ?' ಅಂತ ವಿಚಾರಿಸಿದೆ. ಮೊದಲ ದಿನ ಮೂರನೇ ಮಹಡಿಯಲ್ಲೇ ಎಲ್ಲರೂ ಇಳಿದುಬಿಟ್ಟರು. ಈಗ ಪಳಗಿದ್ದಾರೆ. ನಾನು ಒಳಗೆ ಬಂದರೆ ಅವರೇ ಶುರು ಮಾಡುತ್ತಾರೆ, 'ಆಯ್ತು ಮಾವ, ಆಯ್ತು.' ಇಡೀ ಕಟ್ಟಡಕ್ಕೆ ನಾನೀಗ ಮಾವ.

ಇಲ್ಲಿ ಪ್ರತಿ ಬಾಗಿಲಿಗೂ ಒಂದು ಗಾಜಿನ ಕಣ್ಣು ಇಟ್ಟಿರುತ್ತಾರೆ. ಒಳಗಿನವರು ಹೊರಗಿನವರನ್ನು ಕದ್ದು ನೋಡಲಿಕ್ಕೆ. ಹೊರಗಿನಿಂದ ಒಳಗೆ ಎಷ್ಟು ಕಾಣುತ್ತದೋ ನೋಡೋಣವೆಂದು ಎದುರು ಮನೆಯ ಬಾಗಿಲಿಗೆ ಕಣ್ಣು ಹಚ್ಚಿದೆ. ಅದೇ ಹೊತ್ತಿಗೆ ಒಳಗಿಂದ ಆ ಮನೆಯ ಟೈಪಿಸ್ಟಮ್ಮ ಕಣ್ಣು ಹಚ್ಚಿದ್ದರಂತೆ. ಇಬ್ಬರೂ ಕೂಗಿಕೊಂಡೆವು. ನನಗಿಂತ ಅವರೇ ಜೋರಾಗಿ ಕೂಗಿದರು, ಅದನ್ನು ಬರೆದುಕೊ. ಈಗ ಸಂಜೆ ಅವರ ಮನೆಯಲ್ಲೇ ನನ್ನ ಟೀ. ಮಾತು ಬಲ್ಲವನಿಗೆ ಜಗಳವಿಲ್ಲ.

ನಿನ್ನ ಮಗಳ ಮನೆ ಅಂದರೆ ಒಂದೇ ಕೋಣೆ. ಮಂಚವನ್ನು ಬೆಳಗ್ಗೆ ಗೋಡೆಗೆ ಎತ್ತಿ ಸಿಕ್ಕಿಸಿದರೆ ಅದೇ ಅಡಿಗೆಮನೆ. ಯೂನಿಫಾರಂ ಅನ್ನು ಹಾಸಿಗೆಯ ಕೆಳಗೆ ಮಡಿಸಿಟ್ಟು ಅದರ ಮೇಲೆ ಮಲಗುತ್ತಾಳೆ. ಬೆಳಗ್ಗೆ ಎದ್ದರೆ ಇಸ್ತ್ರಿ ಆಗಿರುತ್ತದೆ. ಅಲಾರಾಂ ಗಡಿಯಾರವನ್ನು ಸ್ಟೀಲಿನ ಬಟ್ಟಲಲ್ಲಿ ಇಡುತ್ತಾಳೆ, ಹೊಡೆದರೆ ಬಟ್ಟಲು ಕುಣಿದು ಪಕ್ಕದ ಮನೆಯವರೂ ಏಳುತ್ತಾರೆ. ಈ ಬಟ್ಟಲಿನ ಉಪಾಯ ಯಾರದೆಂದು ನಾನು ಹೇಳಬೇಕೇ? ಚಿಕ್ಕವಳಿದ್ದಾಗ ಅವಳನ್ನು ಶಾಲೆಗೆ ಎಬ್ಬಿಸಲು ನೀನು ಇಡುತ್ತಿದ್ದ ಹಿತ್ತಾಳೆ ಚೊಂಬು ನೆನಪಿಸಿಕೊ.

ಈಗ ಬಸ್ಸು.

ಬಂದ ಮಾರನೇ ದಿನ ನಿನ್ನ ಮಾತನ್ನು ಒಪ್ಪಿಸಿ ಕೈತೊಳೆದುಕೊಳ್ಳೋಣವೆಂದು ಅವಳ ಬಸ್ಸನ್ನೇ ಹತ್ತಿದೆ. ಮನೆಯಲ್ಲಿ ಹೇಳಿದರೆ ಎದ್ದು ಹೋಗುತ್ತಾಳೆ, ಬಸ್ಸಿನಲ್ಲಾದರೆ ಎಲ್ಲಿಗೆ ಹೋದಾಳು? ಹೇಗಿದೆ ನನ್ನ ತಲೆ! ಅವಳ ಬೆನ್ನ ಹಿಂದಿನ ಸೀಟು ಹಿಡಿದು, ಗಂಟಲು ಸರಿಮಾಡಿಕೊಂಡು, 'ನೋಡು ಕೂಸೇ, ನಿಮ್ಮಮ್ಮ ಏನಂದಿದ್ದಾಳೆ ಅಂದ್ರೆ' ಅಂತ ಶುರುಮಾಡಿದೆ. ಅಷ್ಟರಲ್ಲಿ ಪಕ್ಕದಲ್ಲಿದ್ದ ಒಬ್ಬ ನರ್ಸಮ್ಮ ನನ್ನ ತೋಳು ತಿವಿದು, 'ಯಜಮಾನ್ರೇ, ಓದೋಕೆ ಬರಲ್ವಾ?' ಅಂತ ಮೇಲಿನ ಬೋರ್ಡು ತೋರಿಸಿದರು. ದಪ್ಪ ಅಕ್ಷರದಲ್ಲಿ ಬರೆದಿತ್ತು: ಚಾಲಕರೊಂದಿಗೆ ಮಾತನಾಡಬೇಡಿ.

ನನಗೆ ಓದಲು ಬರುವುದಿಲ್ಲವೇ? 'ಏಳನೇ ಕ್ಲಾಸನ್ನ ಎರಡು ಸಲ ಓದಿದವನಮ್ಮಾ ನಾನು, ಉಳಿದೋರಿಗಿಂತ ದುಪ್ಪಟ್ಟು' ಅಂದೆ. 'ಹಾಗಾದ್ರೆ ಇದನ್ನೂ ಎರಡು ಸಲ ಓದಿ' ಅಂದರು. ಬಸ್ಸೆಲ್ಲ ನಕ್ಕಿತು. ಟಿಕೆಟ್ ಕೊಡುವ ಸೀಟಿಯಪ್ಪ ನಗುತ್ತಾ ಸೀಟಿಯನ್ನೇ ನುಂಗುವುದರಲ್ಲಿದ್ದ. ನಿನ್ನ ಮಗಳು ಮಾತ್ರ ತಿರುಗಲಿಲ್ಲ. ಎದುರಿನ ಕನ್ನಡಿಯಲ್ಲಿ ಅವಳ ಕಣ್ಣು ಒಂದು ಚೂರು ಕಿರಿದಾಯಿತು, ಅಷ್ಟೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ನಾನು ಬೇಕೆಂದೇ ಸುಮ್ಮನಾದವನ ಹಾಗೆ ಕಿಟಕಿ ನೋಡಿದೆ.

ಅಕ್ಕ, ಹುಟ್ಟಿದಾಗಿನಿಂದ ಎಚ್ಚರವಿದ್ದೂ ಅಷ್ಟು ಹೊತ್ತು ನಾನು ಬಾಯಿ ಮುಚ್ಚಿಕೊಂಡು ಕೂತಿದ್ದು ಅದೇ ಮೊದಲು. ಬಾಯಿ ಮುಚ್ಚಿದರೆ ಕಣ್ಣು ಏನು ಮಾಡಬೇಕು ಪಾಪ? ನೋಡಿತು. ಕೋಲು ಹಿಡಿದ ಮುದುಕಿ ಹತ್ತಿದರೆ, ಆಕೆ ಸೀಟಿನಲ್ಲಿ ಕೂತು ಸೆರಗು ಸರಿಮಾಡಿಕೊಳ್ಳುವವರೆಗೂ ಬಸ್ಸು ಅಲ್ಲಾಡುವುದಿಲ್ಲ. ಹಿಂದಿನ ಗಾಡಿಯವರು ಹೊಯ್ಕೊಳ್ಳಲಿ, ಇವಳು ಜಗ್ಗುವುದಿಲ್ಲ. ಇಡೀ ದಾರಿಯಲ್ಲಿ ಒಂದೇ ಒಂದು ಸಲ ಹಾರ್ನ್ ಹೊಡೆದಳು, ಅದೂ ರಸ್ತೆ ನಡುವೆ ನಿದ್ದೆ ಮಾಡುತ್ತಿದ್ದ ನಾಯಿಗೆ, ಅದೂ ಎಬ್ಬಿಸಲೋ ಬೇಡವೋ ಅನ್ನುವ ಹಾಗೆ.

ಆಮೇಲೆ ಅದು ನಡೆಯಿತು. ಮಾರ್ಕೆಟ್ಟಿನ ತಿರುವಿನಲ್ಲಿ ತಳ್ಳುಗಾಡಿಯೊಂದು ಗಕ್ಕನೆ ಅಡ್ಡ ಬಂತು. ಬ್ರೇಕ್ ಹಾಕಿದಳು. ಯಾರೂ ಬೀಳಲಿಲ್ಲ. ಆದರೆ ಬ್ರೇಕಿನ ಜೊತೆಗೇ ಅವಳ ಒಂದು ಕೈ ಸ್ಟೇರಿಂಗ್ ಬಿಟ್ಟು ಪಕ್ಕಕ್ಕೆ ಚಾಚಿಕೊಂಡಿತು, ಪಕ್ಕದಲ್ಲಿ ಕೂತ ಯಾರದೋ ಎದೆಗೆ ಅಡ್ಡ ಹಿಡಿಯುವ ಹಾಗೆ. ಪಕ್ಕದಲ್ಲಿ ಯಾರೂ ಇಲ್ಲ ಅಕ್ಕ. ಡ್ರೈವರಿನ ಪಕ್ಕ ಸೀಟೇ ಇಲ್ಲ. ಇಂಜಿನ್ನಿನ ಮುಚ್ಚಳದ ಮೇಲೆ ಅವಳ ಊಟದ ಡಬ್ಬಿ ಇತ್ತು, ಅಷ್ಟೇ.

ಆ ಕೈ ನನಗೆ ಗೊತ್ತು. ಅವಳು ಇಷ್ಟುದ್ದ ಇದ್ದಾಗ ನಾವು ಮೂವರೂ ಬಸ್ಸಿನಲ್ಲಿ ಹೋಗುತ್ತಿರಲಿಲ್ಲವೇ? ಬ್ರೇಕ್ ಬಿದ್ದ ಕೂಡಲೇ ನಿನ್ನ ಕೈ ಬಾಗಿಲ ಅಗುಳಿಯ ಹಾಗೆ ಅವಳ ಎದೆಗೆ ಅಡ್ಡ ಬರುತ್ತಿತ್ತು. ಈ ಕಡೆ ಕೂತ ಒಡಹುಟ್ಟಿದ ತಮ್ಮ ಮುಂದಿನ ಕಂಬಿಗೆ ಹಣೆ ಚಚ್ಚಿಕೊಂಡರೂ ನಿನಗೆ ಪರಿವೆ ಇರುತ್ತಿರಲಿಲ್ಲ. ನನ್ನ ಹಣೆಯ ಈ ಗುಬಟು ಸುಮ್ಮನೆ ಬಂದದ್ದಲ್ಲ. ಮನೆಗೆ ಬಂದ ಮೇಲೆ ಅವಳನ್ನು ಕೇಳಿದೆ. 'ಯಾವ ಕೈ? ಸುಮ್ನೆ ಕಥೆ ಕಟ್ಬೇಡ ಮಾವ, ಡ್ರೈವರ್ ಸ್ಟೇರಿಂಗ್ ಬಿಡ್ತಾಳಾ?' ಅಂದಳು. ಅವಳಿಗೇ ಗೊತ್ತಿಲ್ಲ. ಆಮೇಲೆ ದಿನಾ ಹೋಗಿ ಕೂತು ನೋಡಿದ್ದೇನೆ. ಜೋರು ಬ್ರೇಕ್ ಬಿದ್ದಾಗಲೆಲ್ಲ ಆ ಕೈ ಹೋಗಿ ಡಬ್ಬಿಯನ್ನು ಹಿಡಿದು ಬರುತ್ತದೆ.

ಹೌದು, ದಿನಾ ಹೋಗುತ್ತೇನೆ. ನಿನ್ನ ಕೆಲಸದ ಮೇಲೆಯೇ. ಸೀಟಿಯಪ್ಪನಿಗೂ ನಾನಿಲ್ಲದಿದ್ದರೆ ಆಗುವುದಿಲ್ಲ, ಯಾರು ಎಲ್ಲಿ ಇಳಿಯಬೇಕೆಂದು ಅವನಿಗಿಂತ ಮೊದಲು ನಾನೇ ಹೇಳುತ್ತೇನೆ. ಹೊಸದಾಗಿ ಹತ್ತಿದವರಿಗೆ, 'ಡ್ರೈವರ್ ನನ್ನ ಅಕ್ಕನ ಮಗಳು' ಅಂತ ತಿಳಿಸುತ್ತೇನೆ. ನಿನ್ನೆ ಒಬ್ಬಾತ, 'ಅದು ಇಡೀ ಬಸ್ಸಿಗೆ ಗೊತ್ತು, ಮುಂದಿನ ಬಸ್ಸಿಗೂ ಗೊತ್ತು, ಕೂತ್ಕೊಳ್ಳಿ' ಅಂದ. ಹೊಟ್ಟೆಕಿಚ್ಚು!

ನಿನ್ನ ಮಾತನ್ನು ಇನ್ನೂ ಅವಳಿಗೆ ಹೇಳಿಲ್ಲ. ಬಸ್ಸಿನಲ್ಲಿ ಬೋರ್ಡು ಬಿಡುವುದಿಲ್ಲ, ಮನೆಯಲ್ಲಿ ನಾಲಿಗೆ ಏಳುವುದಿಲ್ಲ. ಮೊನ್ನೆ ಅವಳೇ ಮಾತೆತ್ತಿದಳು, ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ. 'ಅಮ್ಮ ನಿನ್ನ ಯಾಕೆ ಕಳ್ಸಿದ್ದು ಅಂತ ನಂಗೆ ಗೊತ್ತು ಮಾವ. ಹೇಳ್ಬೇಡ, ಹೇಳಿದ್ರೆ ನಾನು ಉತ್ತರ ಕೊಡ್ಬೇಕಾಗತ್ತೆ.' ಇನ್ನೊಂದು ಲೋಟ ಎತ್ತಿಕೊಂಡು, 'ಒಂದ್ಸಲ ಬಂದು ನನ್ನ ಬಸ್ಸಲ್ಲಿ ಕೂತಿದ್ರೆ ಸಾಕಿತ್ತು. ಹೊಗಳೋದೇನೂ ಬೇಡ. ಆದ್ರೆ ಅಮ್ಮ ಕೂತ್ರೆ ನಂಗೆ ಗೇರೇ ಬೀಳಲ್ಲ ಅನ್ಸತ್ತೆ' ಅಂದಳು. ನಾನು ಏನೋ ಜೋಕು ಮಾಡಿದೆ. ನಗಲಿಲ್ಲ. ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

ಹುಲಿಯ ಹೊಟ್ಟೆಯಲ್ಲಿ ನರಿ ಹುಟ್ಟುತ್ತದೆಯೇ? ನೀನು ಬಗ್ಗುವವಳಲ್ಲ, ಅವಳೂ ಅಲ್ಲ. ನೀವಿಬ್ಬರೂ ಬಾಯಿ ತೆರೆದರೆ ಮೂರನೇ ಮಾತಿಗೆ ಜಗಳ, ನಾಲ್ಕನೆಯದಕ್ಕೆ ಬಾಗಿಲು ದಢಾರ್. ಆದ್ದರಿಂದ ನಾನು ಬಹಳ ಯೋಚನೆ ಮಾಡಿ ಒಂದು ಉಪಾಯ ಕಂಡುಹಿಡಿದಿದ್ದೇನೆ. ಓದು ಮುಗಿಯುವ ಮುಂಚೆ ಬೈಯಬೇಡ.

ಈ ತಿಂಗಳು ಅವಳ ಬಸ್ಸು ರೈಲ್ವೆ ಸ್ಟೇಷನ್ನಿನಿಂದ ಹೊರಡುತ್ತದೆ. ಮುಂದಿನ ತಿಂಗಳು ಅವಳನ್ನು ಪಟ್ಟಣದ ಆ ತುದಿಗೆ ಹಾಕುತ್ತಾರೆ, ಆಮೇಲೆ ಈ ಉಪಾಯ ನಡೆಯುವುದಿಲ್ಲ. ನೀನು ಶುಕ್ರವಾರದ ಬೆಳಗಿನ ರೈಲಿಗೆ ಬಾ. ಮಗಳನ್ನು ನೋಡಲು ಬರಬೇಡ, ನಿನಗೆ ಮಗಳೇ ಇಲ್ಲವಲ್ಲ. ಉಂಡಾಡಿ ತಮ್ಮನನ್ನು ಬೈದು ಎಳೆದುಕೊಂಡು ಹೋಗಲು ಬಾ. ಅಂಥ ಕೆಲಸಕ್ಕೆ ನೀನು ಎಂದೂ ಒಲ್ಲೆ ಅಂದವಳಲ್ಲ. ಸ್ಟೇಷನ್ನಿನ ದೊಡ್ಡ ಗಡಿಯಾರದ ಕೆಳಗೆ ನೀಲಿ ಬಸ್ಸು ನಿಂತಿರುತ್ತದೆ. ಮುಂದಿನ ಬಾಗಿಲಿನಿಂದ ಹತ್ತು. ಡ್ರೈವರಿನ ಹಿಂದಿನ ಸೀಟಿನ ಮೇಲೆ ನನ್ನ ಟವೆಲ್ ಇರುತ್ತದೆ, ಅದನ್ನು ಎತ್ತಿ ಕೂತುಕೊ. ನಾನು ಕೊನೆಯ ಸೀಟಿನಲ್ಲಿ ಪೇಪರು ಮುಖಕ್ಕೆ ಅಡ್ಡ ಹಿಡಿದು ಕೂತಿರುತ್ತೇನೆ.

ಆಮೇಲೆ ನೀನು ಮಾಡಬೇಕಾದದ್ದು ಏನೂ ಇಲ್ಲ. ಬೈಯಬೇಕು ಅನ್ನಿಸಿದರೆ ತಲೆ ಎತ್ತಿ ಬೋರ್ಡು ನೋಡು. ಅವಳೂ ಮಾತಾಡುವ ಹಾಗಿಲ್ಲ, ನೀನೂ ಆಡುವ ಹಾಗಿಲ್ಲ. ನಿಮ್ಮಿಬ್ಬರನ್ನೂ ಬಾಯಿ ಮುಚ್ಚಿಸಿ ಇಷ್ಟು ಹತ್ತಿರ ಕೂರಿಸುವ ಜಾಗ ಈ ಭೂಮಿಯ ಮೇಲೆ ಅದೊಂದೇ. ಅವಳ ಎದುರಿಗೆ ಕನ್ನಡಿ ಇದೆ, ಅದರಲ್ಲಿ ಆ ಸೀಟಿನವರ ಮುಖ ಚೆನ್ನಾಗಿ ಕಾಣುತ್ತದೆ. ಮಾತನಾಡಬೇಡಿ ಅಂತ ಬರೆದಿದ್ದಾರೆ, ನೋಡಬೇಡಿ ಅಂತ ಬರೆದಿಲ್ಲ. ಎರಡು ಸಲ ಓದಿದ್ದೇನೆ.

ಮಾರ್ಕೆಟ್ಟಿನ ತಿರುವು ಬಂದಾಗ ಮಾತ್ರ ಅವಳ ಕೈ ನೋಡು, ಅಲ್ಲಿ ಜೋರು ಬ್ರೇಕ್ ಬೀಳದ ದಿನವಿಲ್ಲ. ನೋಡಿದ ಮೇಲೂ ಸ್ಟೇರಿಂಗ್ ಬಿಡಿಸಬೇಕು ಅನ್ನಿಸಿದರೆ, ಕೊನೆಯ ನಿಲ್ದಾಣದಲ್ಲಿ ಇಳಿದು ನೀನೇ ಅವಳಿಗೆ ಹೇಳು. ನಾನು ಒಂದು ಮಾತೂ ಅಡ್ಡ ಹೇಳುವುದಿಲ್ಲ. ಹಾಗೇನೂ ಅನ್ನಿಸದಿದ್ದರೆ, ಐದನೇ ಮಹಡಿಗೆ ಬಾ. ಲಿಫ್ಟಿನಲ್ಲಿ ಹೇಗೆ ನಿಲ್ಲಬೇಕೆಂದು ನಾನು ಹೇಳಿಕೊಡುತ್ತೇನೆ.

ಈ ಕಾಗದದ ವಿಷಯ ಅವಳಿಗೆ ಅಪ್ಪಿತಪ್ಪಿಯೂ ಗೊತ್ತಾಗಬಾರದು. ನೀನು ಬರುತ್ತೀಯೆಂದು ಕಾದು, ನೀನು ಬರದೆ ಹೋದರೆ, ಆ ಕನ್ನಡಿಯನ್ನು ನೋಡುತ್ತಾ ಬಸ್ಸು ಓಡಿಸುವುದು ಅವಳಿಗೆ ಕಷ್ಟ.

ಇಂತಿ,
ಏಳನೇ ಕ್ಲಾಸನ್ನು ಎರಡು ಸಲ ಓದಿ, ಹಣೆಯ ಮೇಲೆ ನಿನ್ನ ಪ್ರೀತಿಯ ಗುಬಟು ಹೊತ್ತು ತಿರುಗುವ
ನಿನ್ನ ತಮ್ಮ

ಮರೆತ ಮಾತು: ಅಂಚೆ ಡಬ್ಬಿ ಅವಳ ಬಸ್ಸಿನ ದಾರಿಯಲ್ಲೇ ಇದೆ. ಅದಕ್ಕೆ ಇದನ್ನು ಡಬ್ಬಿಗೆ ಹಾಕಲು ಅವಳ ಕೈಗೇ ಕೊಡುತ್ತಿದ್ದೇನೆ. ಗಡಿಬಿಡಿಯಲ್ಲಿ ಲಕೋಟೆಗೆ ಅಂಟು ಹಚ್ಚುವುದು ಮರೆತುಹೋಯಿತು ಅಂದುಕೊ, ಹಳ್ಳಿಯವನು ನೋಡು. ನೀನು ಬಿಸಾಕಿದ ಲಕೋಟೆಯನ್ನು ಈಗಲೇ ಎತ್ತಿ ನೋಡು. ಬಾಯಿ ತೆರೆದುಕೊಂಡೇ ಬಂದಿದ್ದರೆ ಅವಳು ಓದಿಲ್ಲ, ಶುಕ್ರವಾರ ಬರುವುದೂ ಬಿಡುವುದೂ ನಿನ್ನಿಷ್ಟ. ಅಂಟಿಸಿದ್ದನ್ನು ನೀನು ಹರಿಯಬೇಕಾಗಿ ಬಂದಿದ್ದರೆ, ಅಕ್ಕ, ಅಂಟಿಸಿದವನು ನಾನಲ್ಲ.