ರೋಜಾ ನೆಯ್ದ ಸೀರೆ

ಮೇಚೇರಿ
ಜನವರಿ 18, 2025

ಪ್ರೀತಿಯ ತಂಗಿ ರೋಜಾಳಿಗೆ,

ನಿನ್ನ ಅಕ್ಕನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ವಿಡಿಯೋ ಬಂದು ಎಷ್ಟೋ ದಿನವಾದರೂ ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಕೈ ತುಂಬ ಕೆಲಸವಿತ್ತು. ಏನು ಕೆಲಸವೆಂದು ಮುಂದೆ ಹೇಳುತ್ತೇನೆ. ಫೋನಿನಲ್ಲಿ ತಮಿಳಿನಲ್ಲಿ ಎರಡು ಸಾಲು ಹಾಕಬಹುದಿತ್ತು. ಆದರೆ ಅಪ್ಪ ಕನ್ನಡ ಅಕ್ಷರ ಕಲಿಸಿದ್ದು ನಮ್ಮಿಬ್ಬರಿಗೇ ಅಲ್ಲವೆ? ನಿನ್ನ ಗಂಡ ಸೆಲ್ವಕುಮಾರನಿಗೆ ಓದಲು ಬಾರದು. ನೀನೇ ಓದಿ ಹೇಳು.

ನೀವಿರುವ ಇಂಗ್ಲಿಷರ ಬ್ರಾಕ್‌ಸ್ಟನ್ ಊರನ್ನು ವಿಡಿಯೋದಲ್ಲಿ ಚೆನ್ನಾಗಿ ತೋರಿಸಿದ್ದೀಯೆ. ಹತ್ತಿಯ ದೋಣಿಗಳು ಬರುತ್ತಿದ್ದ ಕಾಲುವೆ, ಗಿರಣಿ ಯಜಮಾನರು ಕಟ್ಟಿಸಿದ ಗಡಿಯಾರದ ಗೋಪುರ, ಹೊಗೆ ಬಿಡುವುದನ್ನೇ ಮರೆತ ಚಿಮಣಿ. ಯಂತ್ರದ ಗಲಾಟೆಯಲ್ಲಿ ಹೆಂಗಸರು ಬರೀ ತುಟಿ ಅಲ್ಲಾಡಿಸಿ ಮಾತಾಡುತ್ತಿದ್ದರಂತೆ, ಲಾಳಿಯ ಕಣ್ಣಿನಿಂದ ನೂಲನ್ನು ಬಾಯಲ್ಲೇ ಹೀರಿ ಎಳೆದು ಹಲ್ಲು ಕೆಡಿಸಿಕೊಳ್ಳುತ್ತಿದ್ದರಂತೆ. ಅವರನ್ನು ನೆನೆದು ಪಾಪ ಎನ್ನಿಸಿತು. ಊರಿನ ಮೇಲೆ ಮಾತ್ರ ಪಾಪ ಎನ್ನಿಸಲಿಲ್ಲ. ಅಂಥ ಗಿರಣಿಗಳ ಅಗ್ಗದ ಬಟ್ಟೆ ಬಂದು ಮುತ್ತಜ್ಜನ ಮಗ್ಗ ನಿಂತಿತ್ತೆಂದು ಅಪ್ಪ ಹಲ್ಲು ಕಡಿಯುತ್ತಿದ್ದ. ಈಗ ಅಲ್ಲಿ ಫ್ಲಾಟುಗಳು, ಕಾಫಿ ಅಂಗಡಿ, ಉಳಿದದ್ದು ಮ್ಯೂಸಿಯಂ ಎಂದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

ಆಮೇಲೆ ಮ್ಯೂಸಿಯಂ ಒಳಗೆ, ಗಾಜಿನ ಪೆಟ್ಟಿಗೆಯಲ್ಲಿ, ನಿನ್ನ ಧಾರೆ ಸೀರೆ ಕಂಡಿತು. ನೀನು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಏನೋ ಹೇಳಿ ನಕ್ಕೆ. ನನಗೆ ತಿಳಿಯಲಿಲ್ಲ. ತಿಳಿಸಿದವಳು ಆ ಮ್ಯೂಸಿಯಂ ನೋಡಿಕೊಳ್ಳುವ ಹೆಂಗಸೇ. ಚಿಕ್ಕಪ್ಪನ ಮಗ ಗೋವಿಂದರಾಜನಿಗೆ ಇಮೇಲ್ ಬರೆದಿದ್ದಳು: ಈ ಸೀರೆಯನ್ನು ರೋಜಾ ತಾನೇ ನೆಯ್ದಳಂತೆ, ಹೊಸ ಹಾಲ್ ತೆರೆಯುವ ದಿನ ಎಲ್ಲರ ಮುಂದೆ ಅವಳು ನೆಯ್ದು ತೋರಿಸಲೆಂದು ನಮ್ಮ ಆಸೆ, ನಿಮ್ಮ ಮನೆಯ ಮಗ್ಗ ಕಳಿಸುತ್ತೀರಾ, ಎಂದು.

ಗೋವಿಂದರಾಜ ಓದಿ ಬೆಪ್ಪಾದ. "ಏನಕ್ಕಾ ಇದು? ರೋಜಾಗೆ ಲಾಳಿ ಇಡಿಯಾಕೇ ಬರಲ್ಲ. ಸುಮ್ನೆ ಪೊಯ್ ಏಳವ್ಳೆ, ಬರೀ ಸುಳ್ಳು. ಆ ಸೀರೆ ನೆಯ್ದೋಳು ನೀನಲ್ವಾ? ನಿಜ ಬರೆದ್ಬುಡ್ಲಾ?"

"ಬ್ಯಾಡ ಕಣ್ಲಾ" ಎಂದೆ. "ನಾನು ಏಳಿದ್ರೆ ಒಟ್ಟೆಕಿಚ್ಚು ಅಂತಾರೆ. ಮಗ್ಗ ಬತ್ತೈತೆ ಅಂತ ಬರಿ. ನಮ್ ರೋಜಾಗೆ ನಾಚ್ಕೆ ಜಾಸ್ತಿ, ಆಗಲ್ಲ ಅಂತಾಳೆ, ಬುಡಬ್ಯಾಡಿ ಅಂತ್ಲೂ ಬರಿ."

ಅವನು ಹಾಗೇ ಬರೆದ. ಅಮ್ಮನ ಮರದ ಮಗ್ಗವನ್ನು ನಾನೇ ಬಿಚ್ಚಿ ಪೆಟ್ಟಿಗೆಗೆ ತುಂಬಿದೆ. ಲಾರಿ ತೊಪ್ಪೂರು ಘಾಟಿನಲ್ಲಿ ಕೆಟ್ಟು ನಿಂತಿತೆಂದು ಫೋನ್ ಬಂದ ದಿನ ನನಗೆ ಅನ್ನ ಸೇರಲಿಲ್ಲ. ಈಗ ಪೆಟ್ಟಿಗೆ ಹಡಗು ಹತ್ತಿದೆಯಂತೆ.

ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಹಾಸುನೂಲಿನ ತುದಿಗಳನ್ನು ಬಿಟ್ಟಿದ್ದೇನೆ. ಹೊಸ ಹಾಸನ್ನೂ ಸುತ್ತಿಟ್ಟಿದ್ದೇನೆ. ಹೊಸ ಎಳೆಯನ್ನು ಹಳೆಯ ಎಳೆಗೆ ಒಂದೊಂದಾಗಿ ಹೊಸೆದು ಸೇರಿಸುವ ಕೆಲಸ ಮಾತ್ರ ನಿನ್ನದು. ನಮ್ಮ ಮನೆಯ ಹೆಣ್ಣುಮಕ್ಕಳು ಮೊದಲು ಕಲಿಯುವುದೇ ಅದು. ನೀನು ಬೆರಳು ಕೊಳೆಯಾಗುತ್ತದೆಂದು ಎದ್ದು ಹೋಗುತ್ತಿದ್ದೆ. ಬೆರಳಿಗೆ ಬೂದಿ ಮುಟ್ಟಿಸದೆ ಹೊಸೆದರೆ ಕಾಲುಮಣೆ ತುಳಿದ ಕೂಡಲೇ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಅಲ್ಲಿ ಒಲೆಯ ಬೂದಿ ಸಿಗುತ್ತದೋ ಇಲ್ಲವೋ ಕಾಣೆ. ನಾನಂತೂ ಕಳಿಸಿಲ್ಲ.

ಹಾಲ್ ತೆರೆಯುವ ದಿನ ಮೇಯರ್ ಬರುತ್ತಾರಂತೆ, ಪೇಪರಿನವರೂ ಬರುತ್ತಾರಂತೆ. ವಿಡಿಯೋ ಕಾಲ್‌ನಲ್ಲಿ ನನ್ನನ್ನೂ ಕೂರಿಸುತ್ತಾರಂತೆ. ತಲೆಗೆ ಹೂ ಮುಡಿದು ಕೂರುತ್ತೇನೆ. ನಿನ್ನ ಕೈ ನೋಡುವುದಿಲ್ಲ, ಮುಖ ನೋಡುತ್ತೇನೆ. ಎಷ್ಟೋ ವರ್ಷದಿಂದ ಇಂಥ ಒಂದು ದಿನಕ್ಕೆ ಕಾದಿದ್ದೇನೆ, ಸುಳ್ಳೇಕೆ ಹೇಳಲಿ.

ಚೌಡೇಶ್ವರಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ಚಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ಮತ್ತೊಂದು ಮಾತು: ಆ ಸೀರೆಯನ್ನು ನಾನು ನಿನಗೆಂದು ನೆಯ್ದಿರಲಿಲ್ಲ. ಸೆಲ್ವಕುಮಾರ್ ನನ್ನನ್ನು ಒಪ್ಪಿ, ತಾಂಬೂಲ ಬದಲಾಯಿಸಿ ಹೋದ ಮೇಲೆ ನನ್ನ ಧಾರೆಗೆಂದು ನೆಯ್ದದ್ದು. ಆಮೇಲೆ ಅವನು ತಂಗಿಯೇ ಬೇಕೆಂದ, ನೀನು ಹೂಂ ಎಂದೆ. ಮದುವೆಯ ಬೆಳಿಗ್ಗೆ ಅಮ್ಮ, "ಸೀರೆ ಎಂಗೂ ರೆಡಿ ಐತಲ್ಲ ಜೋತಿ, ನೀನೇ ಉಡ್ಸ್‌ಬುಡು" ಎಂದಳು. ಉಡಿಸಿದೆ. ನಿನ್ನ ಮುಂದೆ ಮಂಡಿಯೂರಿ ನೆರಿಗೆ ಹಿಡಿದಿದ್ದಾಗ ನೀನು ನನಗೆ ಹೇಳಿದ್ದು ಒಂದೇ ಮಾತು, ನೆನಪಿದೆಯೆ? "ಬಿಗಿಯಾಗಿ ಸಿಕ್ಸಕ್ಕಾ, ಅವ್ರ ಮುಂದೆ ಜಾರ್‌ಬಿಟ್ರೆ ಅಸಿಂಗ, ಮಾನ ಓಯ್ತದೆ!"